ಅತ್ತೆ ಬೆಳಗಿದ ರೇಡಿಯೋ

ವಾಲ್ವಣ್ಣನ ತಲೆಯ ಮೇಲೆ ಒಂದು ಕೂದಲೂ ಇಲ್ಲದಿರುವುದಕ್ಕೆ ಅವನ ಅತ್ತೆ ಕಾರಣರಲ್ಲ. ಅದು ಮದುವೆಗೆ ಮೊದಲೇ ಉದುರಿಹೋಗಿತ್ತು. ಆದರೆ ತಲೆಯೊಳಗೆ ಉಳಿದಿದ್ದ ಬುದ್ಧಿಯೂ ಉದುರಿಹೋಗುವ ಹಾಗೆ ಮಾಡಿದವರು ಅತ್ತೆಯೇ. ಅದರಲ್ಲಿ ಎರಡು ಮಾತಿಲ್ಲ.

ವಾಲ್ವಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಹಳೆಯ ವಾಲ್ವ್ ರೇಡಿಯೋ ಎಂದರೆ ಒಳಗೆ ಗಾಜಿನ ಬುರುಡೆಗಳು ಕೆಂಪಗೆ ಉರಿದು, ಕಾದು, ನಿಧಾನವಾಗಿ ಗಂಟಲು ಸರಿಮಾಡಿಕೊಂಡು ಆಮೇಲೆ ಹಾಡುವ ರೇಡಿಯೋ. ಅಂಥದ್ದನ್ನು ರಿಪೇರಿ ಮಾಡುವವರಲ್ಲಿ ಆ ಸುತ್ತಿನಲ್ಲಿ ಉಳಿದವನು ಇವನೊಬ್ಬನೇ. ಹೊಸ ಸೆಟ್ಟುಗಳನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೇ. "ಒತ್ತಿದ ತಕ್ಷಣ ಬಾಯಿ ಬಿಡೋದು ವಾಚಾಳಿ ಕಣ್ರೀ, ರೇಡಿಯೋ ಅಲ್ಲ" ಎನ್ನುತ್ತಿದ್ದ. ಬೀದಿಯ ತಿರುವಿನಲ್ಲಿ ಅವನದೊಂದು ಕಿರುಗೂಡಿನಂಥ ಅಂಗಡಿ. ಅಲ್ಲಿ ಕೂತರೆ ಕಾಲು ಚಾಚುವಂತಿಲ್ಲ, ಎದ್ದರೆ ತಲೆ ಎತ್ತುವಂತಿಲ್ಲ.

ಇನ್ನು ಅತ್ತೆ. ಅವರ ಕೈಗೆ ಸಿಕ್ಕ ವಸ್ತು ಹೊಳೆಯಬೇಕು, ಇಲ್ಲವೇ ಸವೆದುಹೋಗಬೇಕು. ಮೂರನೆಯ ದಾರಿಯೇ ಇಲ್ಲ. ಗಂಡ ತೀರಿಕೊಂಡ ಮೇಲೆ ಕಿರಿಯ ಮಗಳ ಮನೆಗೆ ಬಂದವರು ಮೊದಲ ವಾರದಲ್ಲೇ ನಲ್ಲಿ, ಚಿಲಕ, ಚಮಚ, ಬಕೆಟ್ಟಿನ ಹಿಡಿ ಎಲ್ಲವನ್ನೂ ಬೂದಿ, ನಿಂಬೆಹೋಳು, ನಾರಿನುಂಡೆಯಿಂದ ಉಜ್ಜಿ ಕನ್ನಡಿ ಮಾಡಿದರು. ಬಾಗಿಲ ಮೇಲಿದ್ದ ಹಿತ್ತಾಳೆಯ ಮನೆ ನಂಬರನ್ನು ಎಷ್ಟು ಬೆಳಗಿದರೆಂದರೆ, ನಂಬರು ಹೋಗಿ ಬರೀ ಬೆಳಕು ಉಳಿಯಿತು. ಅಂದಿನಿಂದ ಅವರ ಮನೆಯ ಕಾಗದಗಳೆಲ್ಲ ಪಕ್ಕದ ಮನೆಗೆ ಹೋಗುತ್ತಿದ್ದವು.

ಪಕ್ಕದ ಮನೆಯದು ಇನ್ನೊಂದು ಲೋಕ. ಅಲ್ಲಿದ್ದ ಒಂಟಿ ಮುದುಕಿಯ ಸೀಮೆಎಣ್ಣೆ ಸ್ಟೌ ಹಚ್ಚಿದರೆ ಉರಿಗಿಂತ ಹೊಗೆಯೇ ಜಾಸ್ತಿ. ಗೋಡೆ ಕಪ್ಪು, ಪಾತ್ರೆ ಕಪ್ಪು, ಬೆಕ್ಕೂ ಕಪ್ಪು. ಬೆಕ್ಕು ಮೊದಲು ಯಾವ ಬಣ್ಣದ್ದಿತ್ತೆಂದು ಯಾರಿಗೂ ನೆನಪಿಲ್ಲ. ಅತ್ತೆ ಆಕೆಗೆ ಮಸಿಯಮ್ಮ ಎಂದು ಹೆಸರಿಟ್ಟಿದ್ದರು. ಆಕೆ ಕರೆದರೂ ಆ ಮನೆಯಲ್ಲಿ ಒಂದು ತೊಟ್ಟು ಚಹಾ ಮುಟ್ಟಿದವರಲ್ಲ.

ಅತ್ತೆಯ ಜೊತೆಗೆ ಬಂದದ್ದು ಮಾವನ ರೇಡಿಯೋ. ಪೆಟ್ಟಿಗೆಯಷ್ಟು ದೊಡ್ಡದು, ಮುಂದೆ ಬಟ್ಟೆಯ ಜಾಲರಿ, ಹಿಂದೆ ತೂತುತೂತಿನ ಹಲಗೆ. ಮಾವ ಬದುಕಿರುವವರೆಗೂ ಅದು ಒಂದು ದಿನವೂ ಕೆಮ್ಮಿದ್ದಿಲ್ಲ. ವಾಲ್ವಣ್ಣನಿಗೆ ಆ ರೇಡಿಯೋ ಎಂದರೆ ಸಾಕ್ಷಾತ್ ಮಾವನೇ. ಏಕೆಂದರೆ ಹೆಣ್ಣು ಕೇಳಲು ಹೋದ ದಿನ ಆ ಮನೆಯಲ್ಲಿ ಅವನನ್ನು ಮನುಷ್ಯನೆಂದು ಕಂಡವರು ಮಾವ ಒಬ್ಬರೇ. "ಈ ಹುಡುಗ ಕೈ ಇಟ್ಟರೆ ಸತ್ತ ರೇಡಿಯೋನೂ ಎದ್ದು ಕೂರುತ್ತೆ ಕಣೆ" ಎಂದು ಅವರು ಹೇಳಿದರೆ, ಅತ್ತೆ ಒಳಗಿನಿಂದಲೇ, "ಮೊದಲು ತನ್ನ ಕೂದಲನ್ನ ಎಬ್ಬಿಸಿ ತೋರಿಸಲಿ" ಎಂದಿದ್ದರು. ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆ ಅವನೊಂದಿಗೆ ನೇರವಾಗಿ ಮಾತಾಡಿದ್ದಿಲ್ಲ. ಅವನು ಎದುರಿಗೇ ಕೂತಿದ್ದರೂ "ನಿನ್ನ ಗಂಡನಿಗೆ ಹೇಳು, ಕಾಲು ತೆಗೀಲಿ, ನೆಲ ಒರೆಸಬೇಕು" ಎಂದು ಮಗಳಿಗೆ ಹೇಳುತ್ತಿದ್ದರು.

ಅತ್ತೆ ಬಂದ ಹೊಸದರಲ್ಲಿ ಆಕಾಶವಾಣಿಯವರು ಒಂದು ಹಳೆಯ ಧಾರಾವಾಹಿ ನಾಟಕವನ್ನು ಮೊದಲಿನಿಂದ ಮತ್ತೆ ಹಾಕತೊಡಗಿದರು. ಭಾನುವಾರ ಸಂಜೆಗೊಂದು ಕಂತು. ಕಥೆ ಇಷ್ಟೇ: ಒಬ್ಬ ಪೋಸ್ಟ್‌ಮ್ಯಾನ್ ಬಾವಿಗೆ ಬಿದ್ದಿದ್ದಾನೆ, ತಳ್ಳಿದವರು ಯಾರು? ಮೊದಲ ಸಲ ಇದು ಬಂದಾಗ ಅತ್ತೆ, ಮಾವ ಇಬ್ಬರೂ ಈ ರೇಡಿಯೋದ ಮುಂದೆಯೇ ಕೂತು ಕೇಳಿ, ಪಂದ್ಯ ಕಟ್ಟಿದ್ದರು. ತಳ್ಳಿದ್ದು ಆಸ್ಪತ್ರೆಯ ಕಾಂಪೌಂಡರ್ ಎಂದು ಅತ್ತೆ. ಮಾವ ಏನು ಹೇಳಿದ್ದರೋ, ಅದನ್ನು ಕೇಳಿದರೆ ಅತ್ತೆ ಮೂಗು ಮುರಿದು ಎದ್ದುಹೋಗುತ್ತಿದ್ದರು. ಕೊನೆಯ ಕಂತು ಬರುವ ಮೊದಲೇ ಮಾವ ಹೋಗಿಬಿಟ್ಟರು. ರೇಡಿಯೋದ ಮೇಲೆ ಬಟ್ಟೆ ಬಿತ್ತು. ಪಂದ್ಯ ಹಾಗೆಯೇ ಉಳಿಯಿತು.

ಈಗ ಅದು ತೀರ್ಮಾನವಾಗುವ ಕಾಲ ಬಂದಿದೆ, ಆದರೆ ರೇಡಿಯೋ ಬಿಡುತ್ತಿಲ್ಲ. ಶುರುವಿನಲ್ಲಿ ಗಂಟೆಯಂಥ ದನಿ. ಅರ್ಧ ಕಥೆಗೆ ಬರುವಷ್ಟರಲ್ಲಿ ದನಿ ಸೊರಗುತ್ತದೆ, ತೊದಲುತ್ತದೆ, ಗೊರಗೊರ ಎನ್ನುತ್ತದೆ. ಕಥೆಯಲ್ಲಿ ಸಾಕ್ಷಿ ಹೇಳುವವಳು "ಅಯ್ಯೋ, ನಾನು ಕಣ್ಣಾರೆ ನೋಡಿದೆ, ಅವತ್ತು ಬಾವಿ ಹತ್ತಿರ..." ಎನ್ನುವಷ್ಟರಲ್ಲಿ ಪೂರ್ತಿ ಮೌನ. ತಣ್ಣಗಾದ ಮೇಲೆ ಹಚ್ಚಿದರೆ ಏನೂ ಆಗದವರ ಹಾಗೆ ಮತ್ತೆ ಹಾಡುತ್ತದೆ, ಅದೂ ಕೃಷಿ ವಾರ್ತೆ.

ಹಿರಿಯ ಅಳಿಯ ಕಳಿಸಿದ ಪುಟ್ಟ ಪ್ಲಾಸ್ಟಿಕ್ ಸೆಟ್ಟು ಮನೆಯಲ್ಲೇ ಇತ್ತು. "ಆ ಸೋಪಿನ ಡಬ್ಬೀಲಿ ಕೇಳಿದ್ದು ಪಂದ್ಯಕ್ಕೆ ಲೆಕ್ಕ ಇಲ್ಲ" ಎಂದರು ಅತ್ತೆ. ಮೊದಲರ್ಧ ಬಿಟ್ಟು ಕೊನೆಯರ್ಧಕ್ಕೆ ಮಾತ್ರ ರೇಡಿಯೋ ಹಚ್ಚೋಣ ಎಂದು ವಾಲ್ವಣ್ಣ ಹೆಂಡತಿಯ ಮೂಲಕ ಸೂಚಿಸಿ ನೋಡಿದ. "ಊಟ ಬಿಟ್ಟು ಬರೀ ಕೈ ತೊಳ್ಕೊಳ್ತಾರಾ ಅಂತ ಕೇಳು ನಿನ್ನ ಗಂಡನ್ನ" ಎಂದು ಉತ್ತರ ಬಂತು.

ಪಾಪ, ವಾಲ್ವಣ್ಣ ಮಾಡದ ಕಸರತ್ತಿಲ್ಲ. ವಾಲ್ವು ಬದಲಿಸಿದ, ವೈರು ಬದಲಿಸಿದ, ಬೆಸುಗೆ ಕಿತ್ತು ಮತ್ತೆ ಹಾಕಿದ. ಆ ರೇಡಿಯೋದಲ್ಲಿ ಎರಡು ಸಣ್ಣ ವಾಲ್ವುಗಳಿಗೆ ಹೆಬ್ಬೆರಳಿನಷ್ಟು ತಗಡಿನ ಟೊಪ್ಪಿ ಇರುತ್ತದೆ, ಅಕ್ಕಪಕ್ಕದ ಗದ್ದಲ ಒಳಗೆ ನುಗ್ಗದಿರಲಿ ಎಂದು. ಒಳಗೆ ಕಾವು ಜಾಸ್ತಿಯಾಗುತ್ತಿದೆ ಎಂಬ ಅನುಮಾನದಿಂದ ಆ ಟೊಪ್ಪಿ ತೆಗೆದು ನೋಡಿದ. ರೇಡಿಯೋ ನಾಯಿಮರಿಯ ಹಾಗೆ ಕುಂಯೋ ಎಂದು ಕಿರುಚಿ ಇಡೀ ಬೀದಿಯ ನಾಯಿಗಳನ್ನು ಎಬ್ಬಿಸಿತು. ಟೊಪ್ಪಿ ಮತ್ತೆ ಹಾಕಿ ಟೇಬಲ್ ಫ್ಯಾನು ತಿರುಗಿಸಿಟ್ಟ. ಫ್ಯಾನಿನ ಮೋಟಾರು ಚಟಪಟ ಎಂದು ನಾಟಕದೊಳಗೆ ಹೊಕ್ಕು, ಪೋಸ್ಟ್‌ಮ್ಯಾನನ್ನು ಬಾಣಲೆಯಲ್ಲಿ ಹುರಿಯುತ್ತಿರುವಂತೆ ಕೇಳಿಸಿತು.

"ಅವರ ಕಾಲದಲ್ಲಿ ಒಂದು ದಿನ ಕೆಟ್ಟಿಲ್ಲ" ಎಂದರು ಅತ್ತೆ ಗೋಡೆಗೆ. "ಕೆಲವರ ಕೈಗುಣ."

ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ರೇಡಿಯೋ ರಿಪೇರಿಯವನ ಮನೆಯ ರೇಡಿಯೋನೇ ಸರಿಯಿಲ್ಲ ಎಂಬುದು ಬೀದಿಗೆಲ್ಲ ಗೊತ್ತಾಗಿ, ಕ್ಷೌರದಂಗಡಿಯವನೂ ತನ್ನ ಸೆಟ್ಟನ್ನು ವಾಪಸ್ಸು ಕೇಳಿಕೊಂಡು ಹೋದ.

ಬೆಳಕು ಹರಿದದ್ದು ನಾಲಿಗೆ ಸುಟ್ಟುಕೊಂಡಾಗ. ಅಂಗಡಿಯಲ್ಲಿ ಅವನಿಗೊಂದು ಕಪ್ಪಿಟ್ಟ ಕೆಟಲ್ ಇತ್ತು. ಅದರಲ್ಲಿ ಚಹಾ ಇಟ್ಟು ಒಂದು ಬೆಸುಗೆ ಹಾಕಿ ಬರುವಷ್ಟರಲ್ಲಿ ತಣ್ಣಗೆ ಕೊರೆಯುತ್ತಿತ್ತು. ಒಂದು ದಿನ ಹೆಂಡತಿ ಅದರ ಬದಲು ಅತ್ತೆ ಬೆಳಗಿದ ಮುಚ್ಚಳದ ಜಗ್ಗಿನಲ್ಲಿ ಚಹಾ ತಂದಿಟ್ಟು ಹೋದಳು. ವಾಲ್ವಣ್ಣ ಕೆಲಸದಲ್ಲಿ ಮುಳುಗಿ ಅದನ್ನು ಮರೆತೇಬಿಟ್ಟ. ಎಷ್ಟೋ ಹೊತ್ತಿನ ಮೇಲೆ ನೆನಪಾಗಿ, ತಣ್ಣಗಾಗಿರುತ್ತದೆಂದು ಗಟಗಟ ಸುರಿದುಕೊಂಡ. ಬಾಯಿ ಬೆಂದುಹೋಯಿತು. ಅಂಗಡಿಯಿಂದ ಹೊರಗೆ ಹಾರಿ, ನಾಲಿಗೆ ಚಾಚಿಕೊಂಡು ಗಾಳಿಗೆ ನಿಂತ.

ಹಾಗೆ ನಿಂತಿದ್ದಾಗಲೇ ಅತ್ತೆ ದಿನಾ ಕೊಚ್ಚಿಕೊಳ್ಳುವ ಮಾತು ನೆನಪಾಯಿತು: "ನಾನು ಬೆಳಗಿದ ಜಗ್ಗಲ್ಲಿ ಚಹಾ ಆರೋದೇ ಇಲ್ಲ." ಚಾಚಿದ ನಾಲಿಗೆ ಹಾಗೆಯೇ ಇತ್ತು, ಕಣ್ಣು ಮಾತ್ರ ದೊಡ್ಡದಾಯಿತು. ಹೊಳೆಯುವ ಲೋಹ ಕಾವನ್ನು ಹೊರಗೆ ಬಿಡುವುದಿಲ್ಲ, ಬಂದ ಕಾವನ್ನು ಬಂದ ದಾರಿಗೇ ಅಟ್ಟುತ್ತದೆ. ಕಪ್ಪು ಹಾಗಲ್ಲ, ಕಾವನ್ನು ಒಳಗಿಂದ ನುಂಗಿ ಹೊರಗೆ ಉಗುಳುತ್ತದೆ. ಮಾವನ ರೇಡಿಯೋದ ಟೊಪ್ಪಿಗಳು ಒಳಗೂ ಹೊರಗೂ ಥಳಥಳ ಹೊಳೆಯುತ್ತಿದ್ದವು. ವಾಲ್ವುಗಳು ತಮ್ಮ ಸೆಕೆಯಲ್ಲಿ ತಾವೇ ಬೇಯುತ್ತಿದ್ದವು! ಕಂಪನಿಯವರು ಎಂಥ ಪೆದ್ದರಪ್ಪ, ಇವಕ್ಕೆ ಕಪ್ಪು ಬಣ್ಣ ಹಚ್ಚುವುದನ್ನೇ ಮರೆತಿದ್ದಾರೆ ಎಂದುಕೊಂಡು ವಾಲ್ವಣ್ಣ ಅಂದೇ ಟೊಪ್ಪಿಗಳಿಗೆ ಒಳಗೂ ಹೊರಗೂ ಕಪ್ಪು ಬಣ್ಣ ಬಳಿದ. ಅಂಗಡಿಯಲ್ಲಿ ಇಡೀ ದಿನ ಹಚ್ಚಿಟ್ಟರೂ ರೇಡಿಯೋ ಒಮ್ಮೆಯೂ ತೊದಲಲಿಲ್ಲ. ಶನಿವಾರ ಸಂಜೆ ಎದೆಯುಬ್ಬಿಸಿ ಮನೆಗೆ ಹೊತ್ತು ತಂದ.

ಭಾನುವಾರ ಅರ್ಧ ಕಥೆಗೆ ಗೊರಗೊರ, ಮೌನ.

ಹಿಂದಿನ ಹಲಗೆ ಬಿಚ್ಚಿ ನೋಡಿದರೆ ಟೊಪ್ಪಿಗಳು ಬೆಳ್ಳಿಯ ಹಾಗೆ ಹೊಳೆಯುತ್ತಿವೆ. ಬಣ್ಣದ ಸುಳಿವೇ ಇಲ್ಲ! ಕಾವಿಗೆ ಆವಿಯಾಗಿ ಹೋಯಿತೇ? ವಾಲ್ವಣ್ಣ ಬೆಳಿಗ್ಗೆಯೇ ಬಣ್ಣದಂಗಡಿಗೆ ನುಗ್ಗಿ ಜಗಳ ತೆಗೆದ.

"ನನ್ನ ಬಣ್ಣ ಹೋಗಬೇಕಾದ್ರೆ ಗೋಡೆನೇ ಬೀಳಬೇಕು ಸ್ವಾಮಿ" ಎಂದ ಬಣ್ಣದಂಗಡಿಯವನು.

"ಗೋಡೆ ಅಲ್ಲ, ಟೊಪ್ಪಿ!"

"ಟೊಪ್ಪಿಗೆ ಯಾರಾದ್ರೂ ಬಣ್ಣ ಹೊಡೀತಾರೇನ್ರೀ?" ಎಂದು ಅವನು ವಾಲ್ವಣ್ಣನ ಬೋಳುತಲೆಯನ್ನೇ ನೋಡಿದ. "ನಿಮಗೆ ಬೇಕಾಗಿರೋದು ಬಣ್ಣ ಅಲ್ಲ, ಎಣ್ಣೆ."

ಕೊನೆಗೆ ಬಾಯ್ಲರಿಗೆ ಹಚ್ಚುವ ಗಟ್ಟಿ ಕಪ್ಪು ಬಣ್ಣವನ್ನೇ ತಂದು ಬಳಿದ. ಅಂಗಡಿಯಲ್ಲಿ ರೇಡಿಯೋ ಮತ್ತೆ ಇಡೀ ದಿನ ಹಾಡಿತು. ಮನೆಗೆ ತಂದ. ಅಷ್ಟರಲ್ಲಿ ಅತ್ತೆ ತಮ್ಮ ಕೊನೆಯ ಮಾತು ಹೇಳಿಯಾಗಿತ್ತು: "ಈ ಭಾನುವಾರ ಕೊನೇ ಕಂತು. ಇದೂ ಅರ್ಧಕ್ಕೆ ನಿಂತ್ರೆ ಸೋಮವಾರಾನೇ ಗುಜರಿಯವನಿಗೆ ಹಾಕಿ, ನಾನು ದೊಡ್ಡ ಮಗಳ ಮನೆಗೆ ಹೋಗ್ತೀನಿ. ಅವರ ರೇಡಿಯೋ ದಿನಾ ಸಾಯೋದನ್ನ ನೋಡೋಕೆ ನನ್ನ ಕೈಲಿ ಆಗಲ್ಲ." ಹೇಳುತ್ತಲೇ ರೇಡಿಯೋದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಮಾವ ನಂಬಿದ ಕೈ ಇದು. ಮಾವನ ರೇಡಿಯೋ ಈ ಕೈಯಿಂದಲೇ ಗುಜರಿಗೆ ಹೋದರೆ ಇನ್ನು ಸ್ಕ್ರೂಡ್ರೈವರ್ ಯಾವ ಮುಖದಿಂದ ಹಿಡಿಯುವುದು?

ಆ ಭಾನುವಾರ ಸಂಜೆ ಅಕ್ಕಪಕ್ಕದವರೆಲ್ಲ ಬಂದು ನಡುಮನೆಯಲ್ಲಿ ಕೂತರು. ಕೆಲವರು ನಾಟಕ ಕೇಳಲು, ಹೆಚ್ಚಿನವರು ವಾಲ್ವಣ್ಣನ ನಾಟಕ ನೋಡಲು. ಶುರುವಾಗಲು ಇನ್ನೂ ಹೊತ್ತಿತ್ತು. ಇರಲಿ ಒಮ್ಮೆ ನೋಡಿಬಿಡೋಣ ಎಂದು ವಾಲ್ವಣ್ಣ ಹಿಂದಿನ ಹಲಗೆ ಬಿಚ್ಚಿದ.

ಟೊಪ್ಪಿಗಳು ಅವನ ಮುಖವನ್ನೇ ಪ್ರತಿಬಿಂಬಿಸುತ್ತಿದ್ದವು. ಬಾಗಿ ಮೂಸಿ ನೋಡಿದ. ನಿಂಬೆಹಣ್ಣಿನ ವಾಸನೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ ಇರಬೇಕು. ಅವನು ಬಳಿಯುತ್ತಿದ್ದ, ಅತ್ತೆ ಬೆಳಗುತ್ತಿದ್ದರು. ಕಂಪನಿಯವರು ಪೆದ್ದರೂ ಅಲ್ಲ, ಬಣ್ಣದಂಗಡಿಯವನು ಮೋಸಗಾರನೂ ಅಲ್ಲ. ಕಂಪನಿಯವರು ಹಚ್ಚಿದ್ದ ಮೊದಲಿನ ಕಪ್ಪನ್ನೂ ಅತ್ತೆಯ ಕೈಗಳೇ ತೆಗೆದಿರಬೇಕು.

ಅವನು ಹೆಂಡತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದ. ಅತ್ತೆ ಅಲ್ಲೇ ನಿಂತು ಜಗ್ಗು ಉಜ್ಜುತ್ತಿದ್ದರು. ಹೇಳಿದರೆ ಅತ್ತೆಗೆ ಏನಾದೀತು? ಗಂಡನ ರೇಡಿಯೋವನ್ನು ಕೊಲ್ಲುತ್ತಿರುವುದು ನಿಮ್ಮ ಪ್ರೀತಿಯೇ ಎಂದು ಹೇಳುವುದು ಹೇಗೆ? ಹೇಳದಿದ್ದರೆ ನಾಳೆ ಗುಜರಿಯವನು. ಬಾಯಲ್ಲಿ ಬಿಸಿ ತುಪ್ಪ, ಅದೂ ಸುಟ್ಟ ನಾಲಿಗೆಯ ಮೇಲೆ.

"ಅತ್ತೆ" ಎಂದ, ಮೊದಲ ಬಾರಿಗೆ ನೇರವಾಗಿ. "ರೇಡಿಯೋ ಒಳಗೆ ನೀವು ಉಜ್ಜಿದ್ರಾ?"

"ನಿನ್ನ ಗಂಡನಿಗೆ ಹೇಳು" ಎಂದರು ಅತ್ತೆ ಮಗಳಿಗೆ. "ಅವನು ಕೈ ಇಟ್ಟಾಗಲೆಲ್ಲ ಒಳಗೆ ಕರೀ ಮಸಿ ಹಿಡಿಯುತ್ತೆ. ನಾನಲ್ಲದೆ ಯಾರು ತೆಗೀಬೇಕು? ಪ್ಲಗ್ ಕಿತ್ತು, ರಬ್ಬರ್ ಚಪ್ಪಲಿ ಹಾಕ್ಕೊಂಡು, ಬೆಳಗಿನ ಜಾವ ಎದ್ದು ಉಜ್ಜಿದೀನಿ."

"ಅದು ಮಸಿ ಅಲ್ಲ ಅತ್ತೆ, ನಾನೇ ಹಚ್ಚಿದ ಬಣ್ಣ." ವಾಲ್ವಣ್ಣ ಅವರ ಕೈಯಲ್ಲಿದ್ದ ಜಗ್ಗನ್ನು ಮೆಲ್ಲಗೆ ತೆಗೆದುಕೊಂಡ. "ನೀವೇ ಹೇಳ್ತೀರಲ್ಲ, ನೀವು ಬೆಳಗಿದ ಜಗ್ಗಲ್ಲಿ ಚಹಾ ಆರೋದೇ ಇಲ್ಲ ಅಂತ. ಸತ್ಯವಾದ ಮಾತು, ನನ್ನ ನಾಲಿಗೆನೇ ಸಾಕ್ಷಿ. ಆ ಟೊಪ್ಪಿ ಒಳಗೂ ಹಾಗೇ. ವಾಲ್ವ್ ಕಾವು ಹೊರಗೆ ಹೋಗೋಕೆ ದಾರಿ ಸಿಗದೆ ಅಲ್ಲೇ ಬೇಯ್ತಾ ಇದೆ. ಕಪ್ಪಗಿದ್ರೆ ಕಾವು ಹೊರಗೆ ಹೋಗುತ್ತೆ."

ಅತ್ತೆ ಜಗ್ಗನ್ನು ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು.

"ಇಷ್ಟು ವರ್ಷ ಅವರು ನನ್ನನ್ನ ಅದರ ಹತ್ತಿರ ಬಿಟ್ಟವರಲ್ಲ" ಎಂದರು ಕೊನೆಗೆ. "ಒಳಗೆ ಕೈ ಹಾಕಬೇಡ, ಶಾಕ್ ಹೊಡೆಯುತ್ತೆ ಅಂತಿದ್ರು. ಪಂದ್ಯಕ್ಕೂ ಅದನ್ನೇ ಇಟ್ಟಿದ್ದೆ. ನಾನು ಗೆದ್ದರೆ ರೇಡಿಯೋ ಒಳಗೆ ಉಜ್ಜೋಕೆ ಬಿಡಬೇಕು, ಅವರು ಗೆದ್ದರೆ ನಾನು ಜನ್ಮದಲ್ಲಿ ಅದರ ಒಳಗೆ ಕೈ ಹಾಕಬಾರದು ಅಂತ. ಅವರು ಹೋದ ಮೇಲೆ ತಡೀಲಿಲ್ಲ ಜೀವ. ಅವರದು ಅಂತ ಉಳಿದಿದ್ದು ಅದೊಂದೇ. ಪಂದ್ಯ ಮುಗಿಯೋ ಮೊದಲೇ ಉಜ್ಜಿಬಿಟ್ಟೆ." ಅಷ್ಟು ಹೇಳಿ ಸಟ್ಟನೆ ತಲೆ ಎತ್ತಿದರು. "ಅಂದ್ರೆ ಶಾಕು ಗೀಕು ಎಲ್ಲ ಬರೀ ಸುಳ್ಳಾ? ಆ ಮನುಷ್ಯ ಜೀವನವೆಲ್ಲ ನನ್ನ ನಾರಿನುಂಡೆಗೆ ಹೆದರಿ ಬದುಕಿದ್ರಾ?"

"ಶಾಕೂ ಹೊಡೆಯುತ್ತೆ ಅತ್ತೆ" ಎಂದ ವಾಲ್ವಣ್ಣ, ಸತ್ತ ಮಾವನ ಮಾನ ಉಳಿಸಲು.

"ಸುಮ್ನಿರಿ!" ಎಂದರು ಅತ್ತೆ. ನೇರವಾಗಿ ಅವನಿಗೇ! "ಈಗೇನು ಮಾಡೋದು, ಅದನ್ನ ಹೇಳಿ."

ಮಾಡುವುದೇನು? ಬಣ್ಣ ಹಚ್ಚಿದರೆ ಒಣಗಲು ಹೊತ್ತಿಲ್ಲ. "ಮಸಿ ಆದ್ರೂ ಸಾಕು" ಎಂದ ವಾಲ್ವಣ್ಣ. "ಒಳಗೂ ಹೊರಗೂ ದಟ್ಟವಾಗಿ ಮಸಿ ಕೂರಬೇಕು." ಮೂವರೂ ಅಡುಗೆಮನೆಯನ್ನು ಸುತ್ತ ನೋಡಿದರು. ಒಲೆ ಹೊಳೆಯುತ್ತಿತ್ತು, ಬಾಣಲೆಯ ತಳ ಹೊಳೆಯುತ್ತಿತ್ತು. ಆ ಮನೆಯಲ್ಲಿ ಔಷಧಿಗೆಂದು ಹುಡುಕಿದರೂ ಒಂದು ಚಿಟಿಕೆ ಮಸಿ ಇರಲಿಲ್ಲ.

ಮೂವರಿಗೂ ಒಂದೇ ಯೋಚನೆ ಬಂತು. ಮೂವರೂ ಪಕ್ಕದ ಮನೆಯ ಗೋಡೆಯ ಕಡೆ ತಿರುಗಿದರು.

"ನಾನು ಹೋಗ್ತೀನಿ" ಎಂದ ವಾಲ್ವಣ್ಣ.

"ಬೇಡ" ಎಂದರು ಅತ್ತೆ. ಕೈ ಒರೆಸಿಕೊಂಡರು, ಕೂದಲು ಸರಿಮಾಡಿಕೊಂಡರು, ನೇಣಿಗೆ ಹೊರಟವರ ಹಾಗೆ ಹೊರಟರು. ಟೊಪ್ಪಿಗಳನ್ನೂ ಇಕ್ಕಳವನ್ನೂ ಹಿಡಿದುಕೊಂಡು ವಾಲ್ವಣ್ಣ ಹಿಂದೆ ನಡೆದ.

ಮಸಿಯಮ್ಮನಿಗೆ ಮೊಣಕಾಲು ನೋವು, ಹಾಗಾಗಿ ನಾಟಕಕ್ಕೆ ಬಂದಿರಲಿಲ್ಲ. ಸ್ಟೌ ಮುಂದೆ, ಹೊಗೆಯ ನಡುವೆ ಕೂತಿದ್ದಳು. ಅತ್ತೆ ಹೊಸಿಲ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು, "ಅಕ್ಕಾ" ಎಂದರು. ಅದುವರೆಗೆ ಅವರ ಬಾಯಿಂದ ಆ ಕಡೆಗೆ ಆ ಮಾತು ಹೋದದ್ದೇ ಇಲ್ಲ. "ಅಕ್ಕಾ, ಸ್ವಲ್ಪ ಮಸಿ ಬೇಕಿತ್ತು."

ಮಸಿಯಮ್ಮ ಕಿವಿಯ ಹಿಂದೆ ಕೈ ಇಟ್ಟುಕೊಂಡಳು. "ಏನು ಬೇಕಿತ್ತು?"

"ಮಸಿ."

"ಏನಂದೆ, ಸರಿಯಾಗಿ ಕೇಳಿಸಲಿಲ್ಲ."

ಅವಳಿಗೆ ಮೊದಲನೆಯ ಸಲವೇ ಕೇಳಿಸಿತ್ತು ಎಂದು ವಾಲ್ವಣ್ಣ ಆಣೆ ಮಾಡಿ ಹೇಳಬಲ್ಲ.

"ಮಸಿ ಅಕ್ಕಾ, ಮಸಿ! ನಿನ್ನ ಸ್ಟೌದು!"

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಮಸಿಗೂ ಒಂದು ಕಾಲ ಬಂತು ನೋಡು" ಎಂದು ಮಸಿಯಮ್ಮ ಹಲ್ಲಿಲ್ಲದ ಬಾಯಗಲಿಸಿ ನಕ್ಕಳು. "ಕೊಡ್ತೀನಿ. ಆದ್ರೆ ಮೊದಲು ನಮ್ಮನೇಲಿ ಒಂದು ಲೋಟ ಚಹಾ ಕುಡೀಬೇಕು."

ಅತ್ತೆ ಕಣ್ಣು ಮುಚ್ಚಿ ಕುಡಿದರು. ಕಪ್ಪು ಪಾತ್ರೆಯಲ್ಲಿದ್ದ ಚಹಾ ಹದವಾಗಿ ಆರಿತ್ತು. ಒಂದೇ ಗುಟುಕಿಗೆ ಮುಗಿಯಿತು. ಅಷ್ಟರಲ್ಲಿ ವಾಲ್ವಣ್ಣ ಒಂದೊಂದೇ ಟೊಪ್ಪಿಯನ್ನು ಇಕ್ಕಳದಲ್ಲಿ ಹಿಡಿದು ಸ್ಟೌನ ಹೊಗೆಯ ಮೇಲೆ ತಿರುಗಿಸಿದ. ಮಸಿಯಮ್ಮ ಬತ್ತಿ ಏರಿಸಿ ಹೊಗೆಯನ್ನು ಇನ್ನಷ್ಟು ಜೋರು ಮಾಡಿದಳು. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಅವಳ ಹೊಗೆಯನ್ನು ಬೇಡಿ ಬಂದಿದ್ದರು, ಅವಳು ಜಿಪುಣತನ ಮಾಡಲಿಲ್ಲ. ಟೊಪ್ಪಿಗಳು ಒಳಗೂ ಹೊರಗೂ ಕಾಡಿಗೆಯಂತಾದವು. ವಾಲ್ವಣ್ಣ ಅವನ್ನು ಕೈಗೆತ್ತಿಕೊಂಡು ನೋಡಿ, ಖುಷಿಗೆ ತಲೆ ಸವರಿಕೊಂಡ.

ವಾಪಸ್ಸು ಬಂದು ಟೊಪ್ಪಿ ಕೂರಿಸಿ, ರೇಡಿಯೋ ಹಚ್ಚಿ, ವಾಲ್ವು ಕೆಂಪಾಗುವಷ್ಟರಲ್ಲಿ ನಾಟಕದ ಸಂಗೀತ ಮೊಳಗಿತು. ಹಲಗೆ ಮುಚ್ಚಲೂ ಹೊತ್ತಿರಲಿಲ್ಲ. ಅತ್ತೆ ಮಾವನ ಹಳೆಯ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅರ್ಧ ಕಥೆ ಬಂತು. ವಾಲ್ವಣ್ಣ ಜಾಲರಿಗೆ ಕಿವಿ ಹಚ್ಚಿದ. ದನಿ ಸೊರಗಲಿಲ್ಲ. ಸಾಕ್ಷಿ ಹೇಳುವವಳು ಬಂದಳು, ಅತ್ತು ಕರೆದಳು, ಮೂಗು ಸೀಟಿಕೊಂಡಳು. ರೇಡಿಯೋ ಅಲುಗಾಡಲಿಲ್ಲ. ಕಾಂಪೌಂಡರನನ್ನು ಹಿಡಿದು ತಂದರು. ಅತ್ತೆ ಮುಂದಕ್ಕೆ ಬಾಗಿದರು. ಕಾಂಪೌಂಡರ್ ನಿರಪರಾಧಿ ಎಂದು ಗೊತ್ತಾಯಿತು. ಕೊನೆಗೆ ಪೋಸ್ಟ್‌ಮ್ಯಾನನ ಹೆಂಡತಿ ಬಿಕ್ಕಿಬಿಕ್ಕಿ ಒಪ್ಪಿಕೊಂಡಳು: ಯಾರೂ ತಳ್ಳಿಲ್ಲ, ಅವರು ತಾವೇ ಜಾರಿ ಬಿದ್ದರು, ಬಾವಿಕಟ್ಟೆಯನ್ನು ದಿನಾ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದವಳು ನಾನೇ.

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಆಮೇಲೆ ಅತ್ತೆ ನಗತೊಡಗಿದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ನೀರು ಬಂದರೂ ನಗು ನಿಲ್ಲಲಿಲ್ಲ.

"ಅದನ್ನೇ ಹೇಳಿದ್ರು ಕಣೆ!" ಎಂದರು ಮಗಳ ತೋಳು ಹಿಡಿದು. "ಯಾರೂ ತಳ್ಳಿರಲ್ಲ, ಅವನ ಹೆಂಡತಿ ನಿನ್ನ ಹಾಗೆ ಬಾವಿಕಟ್ಟೆ ಉಜ್ಜಿರ್ತಾಳೆ ಅಂತ. ನನ್ನ ಅಣಕಿಸೋಕೆ ಹೇಳಿದ್ದು ಅಂತ ಒಂದು ವಾರ ಮಾತು ಬಿಟ್ಟಿದ್ದೆ. ಗೆದ್ದುಬಿಟ್ರಲ್ಲೇ ಆ ಮನುಷ್ಯ! ಹೋದ ಮೇಲೂ ಗೆದ್ದುಬಿಟ್ರಲ್ಲ!"

ಎಲ್ಲರೂ ಹೊರಟುಹೋದ ಮೇಲೆ ಅತ್ತೆ ರೇಡಿಯೋದ ಹಿಂದೆ ಬಂದು ನಿಂತರು. ಕಪ್ಪು ಟೊಪ್ಪಿಗಳನ್ನು ಬಹಳ ಹೊತ್ತು ನೋಡಿದರು. ಕೈ ತಾನಾಗಿಯೇ ಮುಂದೆ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಹಿಂದಕ್ಕೆ ಎಳೆದುಕೊಂಡರು. ಹಲಗೆಯನ್ನು ತಾವೇ ಎತ್ತಿ ಮುಚ್ಚಿದರು.

"ಸ್ಕ್ರೂ ಗಟ್ಟಿಯಾಗಿ ಹಾಕಿಬಿಡಿ ಅಳಿಯಂದ್ರೇ" ಎಂದರು. "ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಅಳಿಯಂದ್ರೇ! ವಾಲ್ವಣ್ಣನ ಕೈಯಿಂದ ಸ್ಕ್ರೂ ಎರಡು ಸಲ ಕೆಳಗೆ ಬಿತ್ತು. ಹೇಗೋ ಬಿಗಿದು ಮುಗಿಸಿ ಎದ್ದು ನಿಂತ. ಅತ್ತೆ ಅವನನ್ನೇ ನೋಡುತ್ತಿದ್ದರು. ಮುಖವನ್ನಲ್ಲ, ಸ್ವಲ್ಪ ಮೇಲೆ. ಖುಷಿಗೆ ಸವರಿಕೊಂಡ ಐದು ಬೆರಳಿನ ಮಸಿಯ ಗುರುತು ಅವನ ಬೋಳುತಲೆಯ ಮೇಲೆ ಅಚ್ಚೊತ್ತಿದ ಹಾಗೆ ಕೂತಿತ್ತು.

ಅತ್ತೆ ಅಡುಗೆಮನೆಗೆ ಹೋಗಿ ಅರ್ಧ ನಿಂಬೆಹೋಳು, ಒಂದು ಒದ್ದೆ ಬಟ್ಟೆ ತಂದರು.

"ಇದಕ್ಕೇನೂ ಪಂದ್ಯ ಇಲ್ಲ ತಾನೇ?" ಎಂದರು. "ಬಗ್ಗಿ."

ವಾಲ್ವಣ್ಣ ಮಾವನ ಕುರ್ಚಿಯ ಮುಂದೆ ಮೊಣಕಾಲೂರಿ ತಲೆ ಬಗ್ಗಿಸಿದ.